ಸವಳಂಗ ರಸ್ತೆಯ ಚೀಲಗಳ ಸಾಲು

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಒಲೆಯ ಉರಿ ಎಲ್ಲವನ್ನೂ ಸುಟ್ಟು, ಚರ್ಮವನ್ನು ಹದ ಮಾಡಿದ ತೊಗಲಿನಂತೆ ಹೊಳೆಯುವ ಹಾಗೆ ಮಾಡಿತ್ತು. ಎಡಗೈ ಎಲ್ಲರ ಕೈಯಂತೆ ಇತ್ತು, ಬಲಗೈಗಿಂತ ಸಣ್ಣದು. ಇಡೀ ಶಾಲೆಯ ಸಾರನ್ನು ವರ್ಷಗಟ್ಟಲೆ ತಿರುವಿದ್ದು ಆ ಬಲಗೈ. ಭದ್ರಾವತಿಯ ನಮ್ಮ ಸರ್ಕಾರಿ ಶಾಲೆಯಲ್ಲಿ ಅವರು ಬಿಸಿಯೂಟ ಬೇಯಿಸುತ್ತಿದ್ದರು. ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಆದರೂ ಶಾಲೆಯಲ್ಲಿ ಕರೆದು ರೂಢಿಯಾದ ‘ಅಡುಗೆಯಮ್ಮ’ ಎಂಬ ಮಾತೇ ನನ್ನ ಬಾಯಲ್ಲಿ ಕೊನೆಯವರೆಗೂ ಉಳಿಯಿತು.

ಬಡಿಸುವುದರಲ್ಲಿ ಅವರು ಬಹಳ ಕಟ್ಟುನಿಟ್ಟು. ಇವತ್ತು ಒಂದನೇ ತರಗತಿಯ ಕಡೆಯಿಂದ ಶುರು ಮಾಡಿದರೆ ನಾಳೆ ಏಳನೇ ತರಗತಿಯ ಕಡೆಯಿಂದ. ಪ್ರತಿ ಸಲ ಸೌಟು ಎತ್ತುವ ಮೊದಲು ಪಾತ್ರೆಯ ತಳ ಮುಟ್ಟಿಸಿ ಕಲಸುತ್ತಿದ್ದರು. “ತರಕಾರಿಗೇನು ಕಾಲಿದ್ಯಾ, ಮೇಲೆ ಬರೋಕೆ? ನಾವೇ ತಳಕ್ಕೆ ಹೋಗ್ಬೇಕು” ಎನ್ನುವರು. ಒಮ್ಮೆ ಯಾರೋ ಅತಿಥಿಗಳಿಗೆಂದು ಹೆಡ್‌ಮಾಸ್ಟರು ಟಿಫಿನ್ ಕ್ಯಾರಿಯರ್ ಕಳಿಸಿ, ಗಟ್ಟಿ ಸಾರು ಹಾಕಿಕೊಡಲು ಹೇಳಿದರು. ಅಡುಗೆಯಮ್ಮ ಕ್ಯಾರಿಯರನ್ನು ನಾಲ್ಕನೇ ತರಗತಿಯ ಮಕ್ಕಳ ಪಕ್ಕದಲ್ಲಿ ಇಟ್ಟರು. ಸರದಿ ಬಂದಾಗ ನಮಗೆಲ್ಲ ಹಾಕಿದಷ್ಟೇ ಅದಕ್ಕೂ ಹಾಕಿದರು. ಆ ಕ್ಯಾರಿಯರಿನ ಪಕ್ಕದಲ್ಲಿ ನಾನು ಕೂತಿದ್ದೆ.

ನ್ಯಾಯಬೆಲೆ ಅಂಗಡಿಯ ಮುಂದೆಯೂ ಅವರ ಮಾತೇ ನಡೆಯುತ್ತಿತ್ತು. ಅಕ್ಕಿ ಕೊಡುವ ದಿನ ನಮ್ಮ ಬೀದಿಯ ಹೆಂಗಸರು ಬೆಳಿಗ್ಗೆಯೇ ಅಂಗಡಿಯ ಮುಂದೆ ಚೀಲ ಇಟ್ಟು, ಗಾಳಿಗೆ ಹಾರದಂತೆ ಒಳಗೊಂದು ಕಲ್ಲು ಹಾಕಿ, ಕೆಲಸಕ್ಕೆ ಹೋಗುತ್ತಾರೆ. ಬಾಗಿಲು ತೆರೆಯುವ ಹೊತ್ತಿಗೆ ಬಂದು ತಮ್ಮ ತಮ್ಮ ಚೀಲದ ಬಳಿ ನಿಲ್ಲುತ್ತಾರೆ. ಯಾರಾದರೂ ಒಂದು ಚೀಲವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದರೆ ಅಡುಗೆಯಮ್ಮ ಅದನ್ನು ಮತ್ತೆ ಅದರ ಜಾಗದಲ್ಲಿಟ್ಟು ಹೇಳುತ್ತಿದ್ದರು: “ಚೀಲ ಇದ್ರೆ ಆಳು ಇದ್ದಂಗೆ. ಒದ್ದರೆ ಅವಳನ್ನೇ ಒದ್ದಂಗೆ.”

ನಮ್ಮ ಬೀದಿಯ ಬಹುತೇಕ ಮನೆಗಳ ಉಳಿತಾಯ ಒಂದೇ ಸಹಕಾರ ಸಂಘದಲ್ಲಿತ್ತು. ನಾನು ಪದವಿ ಮುಗಿಸಿದ ವರ್ಷದ ಬೇಸಿಗೆಯಲ್ಲಿ ಅದರ ಭದ್ರಾವತಿ ಶಾಖೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಬೋರ್ಡನ್ನೂ ಬಿಚ್ಚಿಕೊಂಡು ಹೋಗಿದ್ದರು. ನಿರ್ದೇಶಕರು ಆ ಹಣವನ್ನು ತಮ್ಮ ನೆಂಟರಿಗೇ ಸಾಲ ಕೊಟ್ಟು, ತ್ಯಾವರೆಕೊಪ್ಪದ ದಾರಿಯಲ್ಲಿ ಲೇಔಟ್ ಮಾಡಿಸಿದ್ದರೆಂದು ಆಮೇಲೆ ತಿಳಿಯಿತು. ಬಿಸಿಯೂಟದವರನ್ನು ಅರವತ್ತಕ್ಕೆ ಮನೆಗೆ ಕಳಿಸುತ್ತಾರೆ, ಪಿಂಚಣಿ ಇಲ್ಲ. ಅಡುಗೆಯಮ್ಮನಿಗೆ ಆಗ ಐವತ್ತೊಂಬತ್ತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮುದಿತನಕ್ಕೆಂದು ಕೂಡಿಟ್ಟದ್ದೆಲ್ಲ ಆ ಸಂಘದಲ್ಲಿತ್ತು. ನನ್ನನ್ನು ಎಂ.ಎಸ್ಸಿ. ಓದಿಸಲು ಅಮ್ಮ ಬಟ್ಟೆ ಹೊಲಿದು ಉಳಿಸಿದ್ದೂ ಅಲ್ಲೇ ಇತ್ತು.

ಸಂಘದ ಮುಖ್ಯ ಕಚೇರಿ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ಠೇವಣಿದಾರರು ಸಮಿತಿ ಮಾಡಿಕೊಂಡು ಕಚೇರಿ ಎದುರು ಧರಣಿ ಕೂತರು. ಸಮಿತಿಯ ಮುಖಂಡರು ರವೀಂದ್ರನಗರದ ನಿವೃತ್ತ ಎಂಜಿನಿಯರರೊಬ್ಬರು, ಪ್ರಾಮಾಣಿಕ ಮನುಷ್ಯ. ಮೊದಲ ದಿನ ಫುಟ್‌ಪಾತ್ ತುಂಬ ಜನ. ಆದರೆ ಮನೆಗೆಲಸದವರು, ಬೀಡಿ ಕಟ್ಟುವವರು, ಕಾರ್ಖಾನೆಯಲ್ಲಿ ಗುತ್ತಿಗೆಗೆ ಕಸ ಗುಡಿಸುವವರು ಎಷ್ಟು ದಿನ ಕೂಲಿ ಬಿಟ್ಟು ಕೂರುತ್ತಾರೆ? ನಾಲ್ಕನೇ ದಿನ ಆರೇ ಜನ ಉಳಿದಿದ್ದೆವು. ಮ್ಯಾನೇಜರು ಗ್ರಿಲ್ಲಿನ ಹಿಂದೆ ನಿಂತು, “ಏನು ಸಾರ್, ನಿಮ್ಮ ಜನಕ್ಕೂ ಬೇಸಿಗೆ ರಜೆನಾ?” ಎಂದು ನಕ್ಕರು.

ಸಂಜೆ ಬಸ್ಸಿನಲ್ಲಿ ಭದ್ರಾವತಿಗೆ ಹಿಂತಿರುಗಿದೆವು. ಅಡುಗೆಯಮ್ಮ ಮನೆಗೆ ಹೋಗದೆ ಬೀದಿಯ ಬಾಗಿಲು ಬಾಗಿಲಿಗೂ ಹೋಗಿ ಒಂದೊಂದು ಚೀಲ ಕೇಳಿ ತಂದರು. ನಮ್ಮ ಮನೆಯ ಜಗಲಿಯ ಮೇಲೆ ರಾಶಿ ಹಾಕಿ ನನಗೆ ಹೇಳಿದರು: “ಮಾರಾಯ್ತಿ, ನಿನ್ನ ಅಕ್ಷರ ಚೆನ್ನಾಗಿದೆ. ಹೆಸರು ಬರಿ.”

“ಎಷ್ಟು ದುಡ್ಡು ಅಂತಾನೂ ಬರೀಲಾ?”

“ಬೇಡ. ಹೆಸರು ಸಾಕು. ದುಡ್ಡು ಬರೆದ್ರೆ ಕೆಲವ್ರ ಚೀಲ ಊದ್ಕೊಳುತ್ತೆ.”

ಮರುದಿನದಿಂದ ಮೊದಲ ಬಸ್ಸಿಗೆ ನಾವಿಬ್ಬರೂ ಒಂದು ಗೋಣಿ ತುಂಬ ಚೀಲ ಹೊತ್ತು ಶಿವಮೊಗ್ಗಕ್ಕೆ ಹೋಗತೊಡಗಿದೆವು. ಶಾಲೆಗೆ ರಜೆ, ಆ ತಿಂಗಳುಗಳಲ್ಲಿ ಅವರಿಗೆ ಸಂಬಳವೂ ಇಲ್ಲ. ಕಚೇರಿಯ ಮೆಟ್ಟಿಲಿನಿಂದ ಶುರುಮಾಡಿ ಫುಟ್‌ಪಾತಿನ ಉದ್ದಕ್ಕೂ ಒಂದರ ಹಿಂದೆ ಒಂದು ಚೀಲ, ಪ್ರತಿಯೊಂದರಲ್ಲೂ ಒಂದು ಕಲ್ಲು. ವೈರ್ ಬುಟ್ಟಿ, ಸಿಮೆಂಟ್ ಚೀಲ ಹೊಲಿದದ್ದು, ಚಿನ್ನದಂಗಡಿಯವರು ಕೊಟ್ಟದ್ದು. ಬೆಳ್ಳುಳ್ಳಿ ಬಿಡಿಸಿ ಬದುಕುವ ತಮಿಳು ಮುದುಕಿಯ ಹಳದಿ ಚೀಲ ಎಲ್ಲಕ್ಕಿಂತ ಮುಂದೆ. ಆಕೆಯನ್ನು ಬೀದಿಯವರೆಲ್ಲ ಪಾಟಿ, ಅಂದರೆ ಅಜ್ಜಿ, ಎನ್ನುತ್ತಿದ್ದರು. ಅಡುಗೆಯಮ್ಮ ಕೇಳಿದಾಗ ಮೊದಲು ಚೀಲ ಕೊಟ್ಟವಳು ಅವಳೇ. ಹೋಗಿಬರುವವರು ನಿಂತು ಹೆಸರು ಓದುತ್ತಿದ್ದರು. ನಾಲ್ಕು ಜನರ ಮುಂದೆ ಮಾತಾಡಲು ಹಿಂಜರಿಯುವ ನಾನು ಆ ರಸ್ತೆಯಲ್ಲಿ ಬಗ್ಗಿ ಚೀಲ ಜೋಡಿಸುವಾಗ ತಲೆ ಎತ್ತುತ್ತಿರಲಿಲ್ಲ. ಅಡುಗೆಯಮ್ಮ ನನ್ನ ಪಾಡಿಗೆ ನನ್ನನ್ನು ಬಿಟ್ಟಿದ್ದರು.

ಎಂಜಿನಿಯರರಿಗೆ ಇದು ಹಿಡಿಸಲಿಲ್ಲ. “ನೋಡಿಯಮ್ಮಾ, ಹೋರಾಟಕ್ಕೆ ಒಂದು ಘನತೆ ಇರ್ಬೇಕು. ಅಲ್ದೆ, ಹೆಚ್ಚು ಕಳ್ಕೊಂಡವ್ರು ನಾವು. ನಮ್ಮ ಹೆಸರು ಹಿಂದೆ, ಬೆಳ್ಳುಳ್ಳಿಯವಳದ್ದು ಮುಂದೆ ಅಂದ್ರೆ?”

“ಸಾರ್, ನಿಮಗೆ ಹೋಗಿದ್ದು ಜಾಸ್ತಿ. ಉಳಿದಿರೋದೂ ಜಾಸ್ತಿನೇ ಅಲ್ವಾ? ಪಾಟಿಗೆ ಏನುಳಿದಿದೆ ಹೇಳಿ.”

ಎಂಜಿನಿಯರರು ಹೊರಟುಹೋದರು. ಎರಡು ದಿನ ಬರಲಿಲ್ಲ. ಮೂರನೇ ದಿನ ತಮ್ಮ ಲ್ಯಾಪ್‌ಟಾಪ್ ಬ್ಯಾಗ್ ತಂದು, ಔಷಧಿ ಅಂಗಡಿಯ ಹತ್ತಿರ ಮುಗಿಯುತ್ತಿದ್ದ ಸಾಲಿನ ಕೊನೆಯಲ್ಲಿಟ್ಟು ಒಳಗೆ ಹಾಕಲು ಕಲ್ಲು ಹುಡುಕತೊಡಗಿದರು. ಅಡುಗೆಯಮ್ಮ ಅಲ್ಲಿಂದಲೇ ಕೂಗಿದರು: “ನಿಮ್ಮದಕ್ಕೆ ಕಲ್ಲು ಬೇಡ ಸಾರ್, ಗಾಳಿಗೂ ಅದನ್ನ ಮುಟ್ಟೋಕೆ ಹೆದರಿಕೆ!” ಅಷ್ಟು ದಿನಗಳಲ್ಲಿ ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ದಿನ ನಾವು ತಲುಪಿದಾಗ ಫುಟ್‌ಪಾತ್ ಖಾಲಿ. ಹಿಂದಿನ ಸಂಜೆ ಮಳೆ ಬಂದು ಚೀಲಗಳನ್ನು ಅಲ್ಲೇ ಬಿಟ್ಟು ಹೋಗಿದ್ದೆವು. ಕಚೇರಿಯ ಕಾವಲುಗಾರ ನಮ್ಮ ಮುಖ ನೋಡದೆ, “ಕಸದ ಗಾಡಿಯವ್ರು ತಗೊಂಡು ಹೋದ್ರು. ನಾನೇನ್ ಮಾಡ್ಲಿ?” ಎಂದ. ಅಡುಗೆಯಮ್ಮ ಬರಿಯ ಮೆಟ್ಟಿಲ ಮೇಲೆ ಕೂತರು. “ಅಷ್ಟೂ ಜನರ ಜಾಗ ಕಳೆದ್ನಲ್ಲೇ” ಎಂದರು. ಅರ್ಧ ಗಂಟೆಯಾಗಿರಬೇಕು, ಕಸ ಸಂಗ್ರಹಿಸುವ ಆಟೋ ಬಂದು ನಿಂತಿತು. ಹಸಿರು ಕೋಟಿನ ಹೆಂಗಸೊಬ್ಬಳು ಇಳಿದು ಚೀಲಗಳನ್ನು ಒಂದೊಂದಾಗಿ ತೆಗೆದು ಕೊಡತೊಡಗಿದಳು. “ಈ ಆಫೀಸ್‌ನವ್ರು ಗಾಡಿಗೆ ತುಂಬಿಸಿದ್ರು, ಮುಂದೆ ಹೋಗಿ ನೋಡಿದ್ರೆ ಹೆಸರಿದೆ. ಹೆಸರಿರೋ ಕಸ ನಾವೆತ್ತಲ್ಲ ಅಕ್ಕ” ಎಂದಳು. ಕೊನೆಗೆ ತನ್ನ ಊಟದ ಡಬ್ಬಿಯ ಚೀಲದಿಂದ ಡಬ್ಬಿ ತೆಗೆದು ಸೀಟಿನ ಮೇಲಿಟ್ಟು, ಖಾಲಿ ಚೀಲವನ್ನು ನನ್ನ ಕೈಗೆ ಕೊಟ್ಟಳು. “ನಂದೂ ದುಡ್ಡಿದೆ ಇಲ್ಲಿ. ಬರೀರಿ.”

ಸಾಲು ಬೆಳೆಯಿತು. ಪತ್ರಿಕೆಯವರು ಫೋಟೊ ತೆಗೆದರು. ಕೆಲಸ ಮುಗಿಸಿದ ಹೆಂಗಸರು ಸಂಜೆ ಬಸ್ಸಿಳಿದು ಬಂದು ತಮ್ಮ ಚೀಲದ ಪಕ್ಕ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಬೇಕರಿಯವನು ಚಹಾ ಕಳಿಸುತ್ತಿದ್ದ. ಒಳಗೆ ಎ.ಸಿ. ಕೋಣೆಯಿಂದ ಮ್ಯಾನೇಜರು ಇಣುಕಿದಾಗ ಅಡುಗೆಯಮ್ಮ ಹೇಳಿದ್ದು ಈಗಲೂ ನೆನಪಿದೆ: “ತ್ಯಾವರೆಕೊಪ್ಪದ ಸಫಾರೀಲಿ ಹುಲಿ ಹೊರಗೆ, ಜನ ಗ್ರಿಲ್ಲಿನ ಒಳಗೆ. ಇಲ್ಲಿ ಉಲ್ಟಾ ನೋಡೇ. ಆದ್ರೂ ಇಷ್ಟು ದಿನ ನಾವೇ ಹೆದರ್ತಿದ್ವಿ.”

ಮೇ ಕೊನೆಯ ವಾರ ಮ್ಯಾನೇಜರು ಅವರೊಬ್ಬರನ್ನೇ ಒಳಗೆ ಕರೆದರು. ಅವರು ನನ್ನನ್ನೂ ಕರೆದುಕೊಂಡು ಹೋದರು. ಮೇಜಿನ ಮೇಲೆ ಎರಡು ಚೆಕ್, ಎರಡು ಇಂಗ್ಲಿಷ್ ಕಾಗದ.

“ಅಮ್ಮಾ, ಒಂದು ನಿಮ್ಮದು, ಒಂದು ಈ ಹುಡುಗಿಯ ತಾಯೀದು. ಪೂರ್ತಿ ಹಣ. ಸಹಿ ಮಾಡಿ, ಚೀಲ ಎತ್ತಿಸಿ. ಮುಗೀತು.”

“ಪಾಟಿದು?”

“ಎಲ್ಲರದ್ದೂ ಹಂತ ಹಂತವಾಗಿ ಮಾಡ್ತೀವಿ.”

ಅಡುಗೆಯಮ್ಮ ಕಾಗದವನ್ನು ನನಗೆ ಕೊಟ್ಟರು. “ಓದಿ ಹೇಳೇ, ಏನಂತ ಬರೆದಿದ್ದಾರೆ.”

ನಾನು ಓದಿ ಹೇಳಿದೆ: ನಮ್ಮ ಹಣ ನಮಗೆ ಬಂದಿದೆ, ಸಂಘದ ಮೇಲೆ ಯಾವ ದೂರೂ ಇಲ್ಲ, ಮುಂದೆ ಯಾವ ಪ್ರತಿಭಟನೆಯಲ್ಲೂ ಸೇರುವುದಿಲ್ಲ. ಹೇಳುತ್ತಿರುವಾಗಲೇ ನನ್ನ ಕಣ್ಣು ಅಮ್ಮನ ಹೆಸರಿನ ಚೆಕ್ಕಿನ ಮೇಲಿತ್ತು. ಎಂ.ಎಸ್ಸಿ. ಸೀಟಿಗೆ ಹಣ ಕಟ್ಟಲು ಉಳಿದದ್ದು ಮೂರು ದಿನ. ಕಾಗದವನ್ನು ಮನೆಗೆ ಒಯ್ದು ಅಮ್ಮನ ಸಹಿ ಹಾಕಿಸಿದರೆ ಸಾಕಿತ್ತು. ನಾನು ಅದನ್ನು ಎರಡಾಗಿ ಮಡಚಿದೆ, ಒಯ್ಯಲೆಂದೇ.

ಅಡುಗೆಯಮ್ಮ ನೋಡಿದರು. “ತಗೊಂಡು ಹೋಗು ಪುಟ್ಟಿ. ನೀನು ಓದೋಳು. ನಾನು ಬೈಯಲ್ಲ, ಬೀದಿಯವ್ರೂ ಬೈಯದ ಹಾಗೆ ನೋಡ್ಕೋತೀನಿ” ಎಂದರು. ಆಮೇಲೆ ತಮ್ಮ ಚೆಕ್ಕನ್ನು ಮ್ಯಾನೇಜರ ಕಡೆಗೆ ಸರಿಸಿದರು. “ನಂದು ಹನ್ನೊಂದನೇ ಚೀಲ ಸ್ವಾಮಿ. ಹತ್ತು ಜನ ಆದ್ಮೇಲೆ ಕರೀರಿ, ಬರ್ತೀನಿ.”

ಅಷ್ಟೇ. ದನಿ ಎತ್ತರಿಸಲಿಲ್ಲ, ಮೇಜು ಕುಟ್ಟಲಿಲ್ಲ. ಮುದಿತನದ ಅನ್ನವನ್ನು ಆ ಹೊಳೆಯುವ ಕೈಯಿಂದ ಆಚೆ ಸರಿಸಿ, ಸೆರಗು ಸರಿಮಾಡಿಕೊಂಡು ಎದ್ದರು. ನಾನು ಮಡಚಿದ ಕಾಗದವನ್ನು ಬಿಡಿಸಿ ಮೇಜಿನ ಮೇಲಿಟ್ಟೆ. ಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದಾಗ ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ತಂದಿದ್ರೆ ನಾನು ಸಹಿ ಹಾಕಿಬಿಡ್ತಿದ್ದೆ. ತರದೇ ಇದ್ದಿದ್ದು ಒಳ್ಳೇದಾಯ್ತು” ಎಂದಳು.

ಜೂನ್‌ನಲ್ಲಿ ಶಾಲೆ ತೆರೆಯಿತು. ಅಡುಗೆಯಮ್ಮ ಒಲೆಗೆ ಮರಳಿದರು, ಚೀಲಗಳನ್ನು ನಾನೊಬ್ಬಳೇ ಒಯ್ದೆ. ಮಳೆಗಾಲ ಅರ್ಧ ಕಳೆದ ಮೇಲೆ ಸಂಘಕ್ಕೆ ಸರ್ಕಾರದಿಂದ ಆಡಳಿತಾಧಿಕಾರಿ ಬಂದರು. ನಿರ್ದೇಶಕರ ಲೇಔಟ್ ಜಪ್ತಿಯಾಯಿತು. ಆ ಅಧಿಕಾರಿ ಮೊದಲ ದಿನ ಕಾರಿನಿಂದಿಳಿದು, ಕೊಡೆ ಹಿಡಿದು, ಔಷಧಿ ಅಂಗಡಿಯಿಂದ ಮೆಟ್ಟಿಲವರೆಗೆ ಒಂದೊಂದು ಹೆಸರನ್ನೂ ಓದುತ್ತ ನಡೆದರು. ಹಣ ಕೊಡುವ ಕ್ರಮದ ಬಗ್ಗೆ ಸಮಿತಿಯನ್ನು ಕೇಳಿದಾಗ, ಸಣ್ಣ ಠೇವಣಿಯವರಿಂದ ಶುರುವಾಗಲಿ ಎಂದು ಬರೆದುಕೊಟ್ಟವರು ಎಂಜಿನಿಯರರೇ. ಅವರಿಗೆ ಇನ್ನೂ ಪೂರ್ತಿ ಬಂದಿಲ್ಲ.

ಮೊದಲು ಕರೆದದ್ದು ಪಾಟಿಯನ್ನು. ಅಡುಗೆಯಮ್ಮ ಅವತ್ತು ಶಾಲೆಗೆ ರಜೆ ಹಾಕಿ ಬಂದಿದ್ದರು, ನಾನು ಕಂಡಂತೆ ಅವರು ಹಾಕಿದ ಒಂದೇ ರಜೆ. ಪಾಟಿ ಚೆಕ್ ಹಿಡಿದು ಹೊರಬಂದು, “ಇದು ಬರೀ ಕಾಗದ ದಾನೇ? ಕಾಸು ಎಲ್ಲಿ?” ಎಂದು ತಮಿಳು ಬೆರೆಸಿ ಜಗಳಕ್ಕೆ ನಿಂತಾಗ ಇಡೀ ಫುಟ್‌ಪಾತ್ ನಕ್ಕಿತು. ಅಡುಗೆಯಮ್ಮ ನಗಲಿಲ್ಲ. ಪಾಟಿಯ ಕೈ ಹಿಡಿದು ಬ್ಯಾಂಕಿಗೆ ಕರೆದುಕೊಂಡು ಹೋದರು. ನೆಟ್ಟಗೆ, ನಿಧಾನಕ್ಕೆ, ಆ ರಸ್ತೆಯನ್ನು ತಾವೇ ಹಾಕಿಸಿದವರ ಹಾಗೆ ನಡೆದರು.

ಅವರ ಹಣ ಮುಂದಿನ ವರ್ಷ ಕಂತಿನಲ್ಲಿ ಬಂತು. ಅಮ್ಮನದೂ ಆಗಲೇ ಬಂತು, ನಾನು ಒಂದು ವರ್ಷ ತಡವಾಗಿ ಎಂ.ಎಸ್ಸಿ. ಸೇರಿದೆ. ಅಡುಗೆಯಮ್ಮ ಕಳೆದ ವರ್ಷ ತೀರಿಕೊಂಡರು. ಭದ್ರಾವತಿಯ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಕೊನೆಯ ವಾರ ನಾನು ಗಂಜಿ ಒಯ್ದಿದ್ದೆ. ಎರಡು ಚಮಚ ಕುಡಿದು, “ನಿಂದು ಒಂದು ವರ್ಷ ಹಾಳು ಮಾಡ್ಬಿಟ್ಟೆ ಅಲ್ವೇನೇ” ಎಂದರು. ಹೇಳಬೇಕಾದದ್ದು ಬಹಳ ಇತ್ತು. ಹೇಳುವ ಅಭ್ಯಾಸ ನನಗಿಲ್ಲ. “ಆರಿಹೋಗ್ತಿದೆ, ಕುಡೀರಿ” ಎಂದೆ.

ಕೆಲಸದ ಸಂದರ್ಶನಗಳಲ್ಲಿ ಆ ವರ್ಷದ ಬಗ್ಗೆ ಕೇಳುತ್ತಾರೆ: ಪದವಿಗೂ ಎಂ.ಎಸ್ಸಿ.ಗೂ ನಡುವೆ ಏನು ಮಾಡುತ್ತಿದ್ದಿರಿ? ಮೊದಲ ಸಲ, ಆರೋಗ್ಯ ಸರಿ ಇರಲಿಲ್ಲ ಎಂದು ಸುಳ್ಳು ಹೇಳಿ ಬಂದೆ. ಅಡುಗೆಯಮ್ಮ ತೀರಿಕೊಂಡ ಮೇಲೆ ಇನ್ನೊಂದು ಕಡೆ ಅದೇ ಪ್ರಶ್ನೆ ಬಂತು. ನನ್ನ ಆರೋಗ್ಯ ಬಹಳ ಚೆನ್ನಾಗಿತ್ತು ಎಂದೆ. ಆಮೇಲೆ ನಮ್ಮ ಶಾಲೆಯ ಅಡುಗೆಯವರಿಗಾಗಿ ದಿನವೂ ಭದ್ರಾವತಿಯಿಂದ ಏನನ್ನು ಹೊತ್ತು ಒಯ್ದೆ, ಎಲ್ಲಿ ಇಟ್ಟೆ, ಯಾಕೆ ಇಟ್ಟೆ ಎಂಬುದನ್ನೆಲ್ಲ ಆ ಮೂವರು ಅಪರಿಚಿತರೆದುರು ತಲೆ ಎತ್ತಿ ಹೇಳಿದೆ.