ಹೊಳೆದಂಡೆಯ ಕೆಸು

ಮೈಕ್ರೋಸ್ಕೋಪಿನ ಕೆಳಗೆ ಕೆಸುವಿನ ಸೂಜಿಹರಳುಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಊದುಬತ್ತಿ ಕಟ್ಟಿನ ಹಾಗೆ ಒತ್ತಾಗಿ ಒಂದೇ ಜೀವಕೋಶದೊಳಗೆ ಕೂತಿರುತ್ತವೆ. ಎರಡು ತುದಿಯೂ ಚೂಪು. ಕೆಸುವಿನ ದಂಟನ್ನು ತೆಳ್ಳಗೆ ಕೊಯ್ದು ನೀರಿನ ಹನಿಯಲ್ಲಿಟ್ಟರೆ ಕೆಲವು ಕಟ್ಟುಗಳು ಒಡೆದು ಸೂಜಿಗಳು ಹೊರಗೆ ಚಿಮ್ಮುವುದನ್ನೂ ನೋಡಬಹುದು.

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೇರು ಹೀರಿದ ಕ್ಯಾಲ್ಸಿಯಂ ಹೆಚ್ಚಾದಾಗ ಗಿಡ ಅದನ್ನು ಆಕ್ಸಲೇಟಿನ ಜೊತೆ ಸೇರಿಸಿ ಹರಳು ಮಾಡಿ ಇಟ್ಟುಕೊಳ್ಳುತ್ತದೆ, ಆ ಹರಳೇ ತಿನ್ನಲು ಬಂದವರ ಬಾಯಿಗೂ ಚುಚ್ಚುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಪ್ರಾಕ್ಟಿಕಲ್ಲಿಗೆ ಕೆಸು ತರುವವರು ನಮ್ಮ ಲ್ಯಾಬಿನ ಅಟೆಂಡರ್ ಅಕ್ಕ. ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಪ್ರಾಕ್ಟಿಕಲ್ ಮುಗಿದ ಮೇಲೆ ಉಳಿದ ಈರುಳ್ಳಿ, ಆಲೂಗಡ್ಡೆ, ಸೊಪ್ಪು ಅವರ ಚೀಲಕ್ಕೆ ಹೋಗುವುದು ನಾನು ಬರುವ ಮೊದಲಿನಿಂದಲೂ ಇದ್ದ ರೂಢಿ.

ಈ ಸಲ ಮಾರ್ಕೆಟ್ಟಿನ ಕೆಸುವಿನಲ್ಲಿ ಹರಳು ಸರಿಯಾಗಿ ಕಾಣಲಿಲ್ಲ. ಶುಕ್ರವಾರದ ಬ್ಯಾಚಿಗೆ ನಾನೇ ಹೊಳಲೂರಿನ ಹತ್ತಿರ ಹೊಳೆದಂಡೆಯ ಕಾಡುಕೆಸು ಕೊಯ್ದು ತಂದೆ. ಮಣ್ಣು ತೊಳೆದು ಕಟ್ಟು ಕಟ್ಟಿದ್ದೆ; ಎಲ್ಲಿಂದ ತಂದದ್ದೆಂದು ಅಕ್ಕನಿಗೆ ಹೇಳಿರಲಿಲ್ಲ. ದಂಟೆಲ್ಲ ಸ್ಲೈಡಿಗೆ ಹೋಗಿ ಎಲೆ ಮಾತ್ರ ಉಳಿದಾಗ ಅದು ಅಂಗಡಿಯ ಕಟ್ಟಿನಂತೆಯೇ ಇತ್ತು. ಸಂಜೆ ಅಕ್ಕ ಅದನ್ನು ಚೀಲಕ್ಕೆ ಹಾಕುವುದನ್ನು ನೋಡಿದೆ. ಇದು ಕಾಡಿನದು, ತಿನ್ನುವ ಕೆಸುವಲ್ಲ ಎಂದು ಹೇಳಬೇಕು ಅನ್ನಿಸಿತು. ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದೆ. ಇಷ್ಟು ವರ್ಷ ಅಡುಗೆ ಮಾಡಿದವರಿಗೆ ಗೊತ್ತಾಗದೆ ಇರುತ್ತದೆಯೇ ಅಂದುಕೊಂಡು ಮುಂದಿನ ಪುಸ್ತಕ ತೆರೆದೆ.

ಅವರು ಆ ಎಲೆಗೆ ಹುಳಿ ಹಾಕಿದ ಹಿಟ್ಟು ಸವರಿ, ಸುತ್ತಿ ಬೇಯಿಸಿ ಪತ್ರೊಡೆ ಮಾಡಿದರು. ಆ ಮನೆಯಲ್ಲಿ ಮೊದಲು ಬಡಿಸುವುದು ಅತ್ತೆಗೆ. ಎರಡು ತುತ್ತಿಗೇ ಆಕೆಯ ನಾಲಿಗೆ ಊದಿ, ಗಂಟಲು ಉರಿದು, ಒಂದು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಉಳಿದವರು ಇನ್ನೂ ತಟ್ಟೆಗೆ ಕೈ ಹಾಕಿರಲಿಲ್ಲ.

ಇದನ್ನೆಲ್ಲ ಅಕ್ಕ ಸೋಮವಾರ ಸ್ಲೈಡ್ ತೊಳೆಯುತ್ತಾ ಹೇಳಿದರು. ಇಪ್ಪತ್ತು ವರ್ಷದಿಂದ ನನ್ನ ಕೈಲಿ ಮುಚ್ಚಿಸೋಕಾಗದ ಬಾಯನ್ನ ಒಂದು ಪತ್ರೊಡೆಯಲ್ಲಿ ಮುಚ್ಚಿಸಿದೆಯಲ್ಲ ಮಾರಾಯ್ತಿ ಎಂದು ಗಂಡ ತಮಾಷೆ ಮಾಡಿದರಂತೆ. ಹೇಳಿ ಅವರೂ ನಕ್ಕರು. ಆಮೇಲೆ ಕೇಳಿದರು, "ಹುಣಸೆಹುಳಿ ಕಮ್ಮಿ ಆದ್ರೆ ಹಿಂಗಾಗುತ್ತಾ ಮೇಡಂ?"

"ಹೂಂ, ಆಗಬಹುದು ಅಕ್ಕ," ಎಂದೆ.

ಪೂರ್ತಿ ಸುಳ್ಳಲ್ಲ, ಹುಳಿ ಕಮ್ಮಿಯಾದರೆ ಅಂಗಡಿಯ ಕೆಸುವೂ ಬಾಯಿ ತುರಿಸುತ್ತದೆ; ಅದಕ್ಕೇ ಆ ಮಾತು ಅಷ್ಟು ಸಲೀಸಾಗಿ ಬಂತು. ನಮ್ಮಂಥ ಅತಿಥಿ ಉಪನ್ಯಾಸಕರನ್ನು ವರ್ಷವರ್ಷವೂ ಹೊಸದಾಗಿ ತೆಗೆದುಕೊಳ್ಳುತ್ತಾರೆ. ವಿಷಯ ಪ್ರಿನ್ಸಿಪಾಲರ ಕಿವಿಗೆ ಬಿದ್ದರೆ ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ಇರಲಿಕ್ಕಿಲ್ಲ.

ಮೂರು ವಾರ ಸುಮ್ಮನಿದ್ದೆ. ಅಕ್ಕ ಉಳಿದ ತರಕಾರಿ ಮುಟ್ಟುವುದನ್ನು ಬಿಟ್ಟರು. ಅತ್ತೆ ಅವರ ಕೈಯ ನೀರನ್ನೂ ಕುಡಿಯುತ್ತಿಲ್ಲ, ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುತ್ತಾರೆ ಎಂಬುದು ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಒಂದು ಶನಿವಾರ ಲ್ಯಾಬಿಗೆ ಬೀಗ ಹಾಕುವಾಗ ಅಕ್ಕ ನನ್ನ ಮುಖ ನೋಡದೆ ಹೇಳಿದರು:

"ಬೇಕಂತಲೇ ಮಾಡಿದ್ಲು ಅಂತ ಅತ್ತೆ ಬೀದಿಯೋರಿಗೆಲ್ಲ ಹೇಳ್ತಿದಾರೆ ಮೇಡಂ. ನೀವು ಓದಿದೋರು. ಫೋನಲ್ಲಿ ಅವರಿಗೊಂದ್ ಮಾತು ಹೇಳ್ತೀರಾ, ಹುಳಿ ಕಮ್ಮಿ ಆಗಿದ್ದಷ್ಟೇ ಅಂತ?"

ಅವರು ಮಾಡದ ತಪ್ಪಿಗೆ ನನ್ನಿಂದಲೇ ಸಾಕ್ಷಿ ಕೇಳುತ್ತಿದ್ದರು. ಫೋನಿನಲ್ಲಿ ಬೇಡ, ಮನೆಗೇ ಬರ್ತೀನಿ ಎಂದೆ.

ಮರುದಿನ ಬೆಳಿಗ್ಗೆ ನಾನಿರುವ ಹೊಸಮನೆ ಬಡಾವಣೆಯಿಂದ ಬಸ್ ನಿಲ್ದಾಣದವರೆಗೆ ನಡೆದು, ಭದ್ರಾವತಿ ಬಸ್ ಹತ್ತಿ, ಜನ್ನಾಪುರಕ್ಕೆ ಹೋದೆ. ಅತ್ತೆ ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕಾಫಿ ಮಾಡಲು ಒಳಗೆ ಹೊರಟ ಅಕ್ಕನನ್ನು ನಿಲ್ಲಿಸಿದೆ. ಅದು ಮಾರ್ಕೆಟ್ಟಿನ ಸೊಪ್ಪಲ್ಲ, ನಾನು ತಂದ ಕಾಡುಕೆಸು. ಇವರ ಹುಳಿಯ ಅಳತೆಯಲ್ಲಿ ತಪ್ಪಿರಲಿಲ್ಲ. ಚೀಲಕ್ಕೆ ಹಾಕುವುದನ್ನು ನೋಡಿಯೂ ನಾನು ಹೇಳಲಿಲ್ಲ. ಇಷ್ಟನ್ನು ಇಬ್ಬರಿಗೂ ಕೇಳುವಂತೆ ಹೇಳಿದೆ.

ಅತ್ತೆ ಮೊರದಿಂದ ಕೈ ತೆಗೆದರು. "ಮತ್ತೆ ಇಷ್ಟ್ ದಿನ ಯಾಕಮ್ಮ ಬಾಯ್ ಬಿಡ್ಲಿಲ್ಲ?"

"ಕೆಲಸ ಹೋಗುತ್ತೆ ಅಂತ ಹೆದರಿದ್ದೆ," ಎಂದೆ. ಆಮೇಲೆ ಅಕ್ಕನ ಕಡೆ ತಿರುಗಿ ಅದನ್ನೇ ಇನ್ನೊಂದು ಸಲ ಹೇಳಿದೆ.