ಎಸೆಯದೆ ಬಿದ್ದ ಬೀಜಗಳು

ಹೋದ ವರ್ಷ ಹೊಸ ಹುಣಸೆಹಣ್ಣು ಮನೆಗೆ ಬಂದಾಗ ನನ್ನ ಹೆಂಡತಿ ಪಡಸಾಲೆಯಲ್ಲಿ ಮೊರ ಹರಡಿಕೊಂಡು ಕಲ್ಲಿನ ಮೇಲೆ ಒಂದೊಂದೇ ಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದಳು. ಇಂಥ ಕೆಲಸ ನಡೆಯುವಾಗ ನಾನು ಸಾಮಾನ್ಯವಾಗಿ ದಿನಪತ್ರಿಕೆಯ ಹಿಂದೆ ಅಡಗಿಕೊಳ್ಳುವವನು. ಆ ದಿನ ಮಾತ್ರ ಅವಳ ಎದುರಿಗೇ ಕುಳಿತು, ಅವಳು ಕಸವೆಂದು ಪಕ್ಕಕ್ಕೆ ಸರಿಸಿದ ರಾಶಿಯಿಂದ ನುಣ್ಣಗೆ ಹೊಳೆಯುವ ನಾಲ್ಕು ಬೀಜಗಳನ್ನು ಆರಿಸಿ ಅಂಗಿಯ ಜೇಬಿಗೆ ಇಳಿಬಿಟ್ಟೆ. ಅವಳು ತಲೆಯೆತ್ತದೆಯೇ ಕೇಳಿದಳು: "ಕಾಲೇಜಿಗೆ ಪಾಠ ಹೇಳಾಕ ಹೊಂಟೀರೋ, ಬಿತ್ತಾಕ ಹೊಂಟೀರೋ?" ಎರಡೂ ಒಂದೇ ಎಂದು ದೊಡ್ಡ ಮಾತೊಂದನ್ನು ಆಡಿ ಹೊರಟುಬಿಟ್ಟೆ. ಆ ಮಾತಿಗಾಗಿ ಮುಂದೆ ನಾಚಿಕೊಳ್ಳಬೇಕಾಗುತ್ತದೆಂದು ನನಗೇನು ಗೊತ್ತಿತ್ತು.

ನಾನು ಬಸವನಬಾಗೇವಾಡಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಮೇಷ್ಟರು. ಸಂಭವನೀಯತೆ ಎಂಬ ಅಧ್ಯಾಯವನ್ನು ಇಪ್ಪತ್ತು ವರ್ಷಗಳಿಂದ ಒಂದೇ ನಾಣ್ಯ ಚಿಮ್ಮಿ ಕಲಿಸುತ್ತ ಬಂದಿದ್ದೆ. ಆ ನಾಣ್ಯವಾದರೂ ನಿಜದ್ದಲ್ಲ, ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ಒಂದು ಸೊನ್ನೆ. ಹೀಗಿರುವಾಗ ವಿಜಯಪುರದಲ್ಲಿ ಎರಡು ದಿನದ ಕಾರ್ಯಾಗಾರವಾಯಿತು. ಆಟದಂತೆ ಪಾಠ ಮಾಡುವುದು ಹೇಗೆಂದು ಒಬ್ಬ ತರುಣ ನಮಗೆಲ್ಲ ಬಣ್ಣದ ಚೆಂಡು ಎಸೆದ. ಸೊಂಟನೋವಿನ ಹಿರಿಯರೂ ಹಿಡಿದರು. ಊಟ ಚೆನ್ನಾಗಿತ್ತು, ಕೈಚೀಲವನ್ನೂ ಕೊಟ್ಟರು. ನಗೆಯಾಡುತ್ತ ಮರಳಿದೆನಾದರೂ ಬಸ್ಸು ಇಳಿಯುವ ಹೊತ್ತಿಗೆ ಒಂದು ಕುತೂಹಲ ಜೊತೆಗೇ ಇಳಿಯಿತು. ನಮ್ಮ ಮಕ್ಕಳಿಗೆ ಬಣ್ಣದ ಚೆಂಡು ಯಾಕೆ ಬೇಕು, ಅವರ ಮನೆಯ ಕಟ್ಟೆಯ ಮೇಲೆಯೇ ಚೌಕಾಬಾರಾ ಇದೆಯಲ್ಲ ಎನಿಸಿತು.

ಚೌಕಾಬಾರಾ ನೀವು ಆಡಿರಬಹುದು. ಚೌಕದ ಮನೆಗಳನ್ನು ಬರೆದು ಕಾಯಿ ನಡೆಸುವ ಆಟ. ಕವಡೆ ಇಲ್ಲದ ಮನೆಗಳಲ್ಲಿ ನಾಲ್ಕು ಹುಣಸೆಬೀಜಗಳ ಒಂದೊಂದು ಮೈಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿಕೊಳ್ಳುತ್ತಾರೆ. ಎಸೆದಾಗ ಎಷ್ಟು ಬಿಳಿ ಮೇಲೆ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಕಪ್ಪಾಗಿ ಬಿದ್ದರೆ ಎಂಟು, ಅದೇ ಅಷ್ಟಾ, ಅದು ಬಿದ್ದವರಿಗೆ ಇನ್ನೊಂದು ಎಸೆತ. ನಾನು ಹುಟ್ಟಿ ಬೆಳೆದ ತಾಂಬಾದ ನಮ್ಮ ಓಣಿಯಲ್ಲಿ ಪಂಚಮಿ ಹಬ್ಬ ಬಂತೆಂದರೆ ಕಟ್ಟೆಗೊಂದು ಆಟ ಹೂಡುತ್ತಿದ್ದರು, ಅಷ್ಟಾ ಬಿದ್ದಾಗಿನ ಕೇಕೆ ಬಾವಿಯವರೆಗೆ ಕೇಳುತ್ತಿತ್ತು. ನಾನು ನಿಂತು ನೋಡಿದ್ದೇನೆ, ನಡೆಗಳೆಲ್ಲ ಗೊತ್ತು. ಆಡಲು ಮಾತ್ರ ಕುಳಿತವನಲ್ಲ. ಅದು ಹೆಣ್ಣುಮಕ್ಕಳ ಆಟ, ಗಂಡುಹುಡುಗರು ಕುಳಿತರೆ ಓಣಿಯೆಲ್ಲ ನಗುತ್ತದೆ ಎಂಬುದು ನಮ್ಮ ಕಡೆಯ ರೂಢಿ. ನನಗೆ ನಗೆಪಾಟಲಾಗುವುದೆಂದರೆ ಆಗಲೂ ಭಯ, ಈಗಲೂ ಭಯ.

ಪಾಠವನ್ನು ನಾನು ಬಹಳ ಅಚ್ಚುಕಟ್ಟಾಗಿ ಕಟ್ಟಿದೆ. ಸೋಮವಾರ ಸೂತ್ರ ಹೇಳಿದೆ: ಒಂದು ಬೀಜ ಕಪ್ಪಾಗಿ ಬೀಳುವ ಸಂಭವ ಅರ್ಧ, ನಾಲ್ಕೂ ಕಪ್ಪಾಗಿ ಬೀಳುವುದು ಹದಿನಾರರಲ್ಲಿ ಒಂದು, ಆದ್ದರಿಂದ ನೂರು ಎಸೆತಕ್ಕೆ ಆರೋ ಏಳೋ ಅಷ್ಟಾ. ಜೇಬಿನ ನಾಲ್ಕು ಬೀಜ ತೆಗೆದು ಅಂಗೈಯಲ್ಲಿ ಕುಣಿಸಿ ತೋರಿಸಿ ಮತ್ತೆ ಜೇಬಿಗೆ ಹಾಕಿಕೊಂಡೆ. ಮನೆಗೆ ಹೋಗಿ ಬೀಜ ತಿಕ್ಕಿ, ನೂರು ಸಲ ಎಸೆದು, ಬಿದ್ದದ್ದನ್ನು ರೆಕಾರ್ಡಿನಲ್ಲಿ ಬರೆದು ತನ್ನಿ, ಹತ್ತು ಆಂತರಿಕ ಅಂಕ ಎಂದೆ. ಮೂವತ್ತಮೂರು ಮುಖಗಳು ಅರಳಿದವು. ಇಪ್ಪತ್ತು ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ, ನಾನು ಉಬ್ಬಿಹೋದೆ.

ವಾರದ ಕೊನೆಗೆ ರೆಕಾರ್ಡುಗಳು ಬಂದವು. ತೆರೆದರೆ ಆರು, ಏಳು, ಆರು, ಆರು, ಏಳು. ಇಬ್ಬರು ಧೈರ್ಯವಂತರು ಐದು ಬರೆದಿದ್ದರು, ಒಬ್ಬ ಎಂಟು. ಪುಸ್ತಕದ ಮಾತು ಹಳ್ಳಿಯ ಕಟ್ಟೆಗಳ ಮೇಲೆ ಇಷ್ಟು ಸೊಗಸಾಗಿ ಫಲಿಸಿದ್ದನ್ನು ಕಂಡು ನಾನು ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಪ್ರಾಂಶುಪಾಲರು "ಛಲೋ ಆತ್ರಿ, ಇದನ್ನ ಫೋಟೋ ಸಮೇತ ಫೈಲಿಗೆ ಹಾಕ್ರಿ" ಎಂದರು. ಒಂದೇ ಒಂದು ರೆಕಾರ್ಡು ತಾಳ ತಪ್ಪಿತ್ತು. ಕೊಲ್ಹಾರದಿಂದ ದಿನವೂ ಬಸ್ಸಿಗೆ ಬರುವ ಭಾಗ್ಯಶ್ರೀ ಎಂಬ ಹುಡುಗಿ ನೂರು ಎಸೆತಕ್ಕೆ ಇಪ್ಪತ್ತಮೂರು ಅಷ್ಟಾ ಎಂದು ಬರೆದಿದ್ದಳು. ಕಡಿಮೆ ಮಾತಿನ ಹುಡುಗಿ. ಮೂರನೆಯ ವರ್ಷಕ್ಕೆ ಸಂಖ್ಯಾಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳುತ್ತೇನೆಂದು ಆ ತರಗತಿಯಲ್ಲಿ ತಾನಾಗಿಯೇ ಬಂದು ಹೇಳಿದ್ದವಳು ಅವಳೊಬ್ಬಳೇ. ಅದಕ್ಕೇ ನನಗೆ ಹೆಚ್ಚು ಬೇಸರವಾಯಿತು. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ, 'ತಪ್ಪು, ಗಮನವಿಟ್ಟು ಮತ್ತೆ ಮಾಡು' ಎಂದು ಬರೆದೆ.

ಎರಡು ದಿನ ಬಿಟ್ಟು ಮತ್ತೆ ತಂದಳು. ಏಳು. ನನಗೆ ಸಮಾಧಾನವಾಯಿತು, ಒಂಬತ್ತು ಅಂಕ ಕೊಟ್ಟು ಕೆಳಗೆ 'ಶಭಾಷ್' ಎಂದು ದಪ್ಪಗೆ ಬರೆದೆ.

ಅದರ ಮರುದಿನ ಅವಳು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮುಂದಿನ ವರ್ಷದ ವಿಷಯ ಆರಿಸಿಕೊಳ್ಳುವ ಅರ್ಜಿ. ಅದು ಶನಿವಾರದೊಳಗೆ ಕಚೇರಿಗೆ ಸೇರಬೇಕು, ಬಿಡುವ ವಿಷಯದ ಮೇಷ್ಟರ ಸಹಿ ಬೇಕು. ಸಂಖ್ಯಾಶಾಸ್ತ್ರ ಎಂಬ ಪದದ ಮೇಲೆ ಅಡ್ಡಗೆರೆ ಎಳೆದಿದ್ದಳು. ಯಾಕಮ್ಮ ಎಂದು ಕೇಳಿದೆ. ಸಿಟ್ಟಿಲ್ಲದೆ, ದುಃಖವೂ ಇಲ್ಲದೆ, ಬಸ್ಸಿನ ವೇಳೆ ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು:

"ಮೊದಲನೇ ಸಲ ಖರೇನ ಒಗದು ಬರದಿದ್ನಿರಿ ಸರ್, ತಪ್ಪ ಅಂದ್ರಿ. ಎರಡನೇ ಸಲ ಒಗೀದನ ಬರದ್ನಿರಿ, ಶಭಾಷ್ ಅಂದ್ರಿ. ಈ ವಿಷಯ ನನಗ ತಿಳಿಯೂದಿಲ್ರಿ ಸರ್."

ಓದುಗ ಮಿತ್ರರೇ, ನಮ್ಮ ಕಡೆ ಒಗೆಯುವುದೆಂದರೆ ಎಸೆಯುವುದು. ಸಹಿ ಮಾಡಲು ಎತ್ತಿದ ಪೆನ್ನನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೀಜ ತಂದಿದ್ದೀಯಾ ಎಂದು ಕೇಳಿದೆ. ಚೀಲದಿಂದ ಹಳೆಯ ತಗಡಿನ ಡಬ್ಬಿಯೊಂದನ್ನು ತೆಗೆದಳು. ಅವಳ ಅಜ್ಜಿಯ ಬೀಜಗಳಂತೆ; ಹಳೇ ಕೊಲ್ಹಾರದ ಮನೆಯ ಹಿತ್ತಲ ಮರದವು, ಆ ಮರ ಈಗ ಕೃಷ್ಣೆಯ ಹಿನ್ನೀರಿನಲ್ಲಿದೆ. ಎಷ್ಟೋ ಪಂಚಮಿಗಳಲ್ಲಿ ತಿಕ್ಕಿಸಿಕೊಂಡು, ಆಡಿಸಿಕೊಂಡು ಒಂದು ಮೈ ಮಣೆಯ ಹಾಗೆ ಚಪ್ಪಟೆಯಾಗಿತ್ತು, ಇನ್ನೊಂದು ಗುಂಡಗೇ ಉಳಿದಿತ್ತು. ಮೇಜಿನ ಮೇಲೆ ಎಸೆದೆ. ನನ್ನ ಬದುಕಿನಲ್ಲಿ ಅದು ಮೊದಲನೆಯ ಎಸೆತ. ನಾಲ್ಕೂ ಕಪ್ಪು. ಮತ್ತೆ ಎಸೆದೆ, ಮೂರು ಕಪ್ಪು. ಮತ್ತೆ ನಾಲ್ಕು. ಚಪ್ಪಟೆ ಮೈ ನೆಲ ಹಿಡಿದು ಕೂರುತ್ತದೆ, ಗುಂಡು ಮೈ ಮೇಲಾಗುತ್ತದೆ. ಇದಕ್ಕೆ ಸೂತ್ರ ಯಾಕೆ, ಕಣ್ಣಿದ್ದರೆ ಸಾಕಿತ್ತು. ಭಾಗ್ಯಶ್ರೀ ಮೆಲ್ಲಗೆ ಅಂದಳು: "ನಮ್ಮ ಆಯಿ ಕೇಳಿದ್ಳರಿ, ನಿಮ್ಮ ಸರ್ ಎಂದೂ ಆಡಿಲ್ಲೇನ, ಇಷ್ಟ ತಿಕ್ಕಿದ ಮ್ಯಾಲ ಅಷ್ಟಾ ಬೀಳದ ಮತ್ತೇನ ಬೀಳತೈತಿ ಅಂತ."

ಆಯಿ ಎಂದು ಅವಳು ಕರೆದ, ನಾನೆಂದೂ ನೋಡದ ಆ ಅಜ್ಜಿಗೆ ಮನಸ್ಸಿನಲ್ಲೇ ಕೈಮುಗಿದೆ. ಅರ್ಜಿಯನ್ನು ಮೇಜಿನ ಖಾನೆಯೊಳಗೆ ಇಟ್ಟುಕೊಂಡು, ಶನಿವಾರದವರೆಗೆ ತಾಳು, ಆಮೇಲೂ ಬೇಕೆಂದರೆ ಸಹಿ ಮಾಡುತ್ತೇನೆ ಎಂದೆ. ಹೂಂ ಅಂದಳು, ಒಪ್ಪಿದಳೋ ಸೌಜನ್ಯಕ್ಕೆ ಅಂದಳೋ ತಿಳಿಯಲಿಲ್ಲ.

ಹಾಗಾದರೆ ಉಳಿದ ಮೂವತ್ತೆರಡು ಮಂದಿಗೆ ಆರು, ಏಳು ಬಿದ್ದದ್ದು ಹೇಗೆ? ಉತ್ತರ ನನಗೆ ಗೊತ್ತಿರಬೇಕಿತ್ತು, ಏಕೆಂದರೆ ನಾನೂ ಅದೇ ಗರಡಿಯಲ್ಲಿ ಪಳಗಿದವನು. ಕಾಲೇಜಿನಲ್ಲಿ ಲೋಲಕ ತೂಗಿ ಗುರುತ್ವದ ಬೆಲೆ ಕಂಡುಹಿಡಿಯುವ ಪ್ರಯೋಗ ಮಾಡುವಾಗ ನಾವು ಯಾರೂ ಲೋಲಕದಿಂದ ಶುರು ಮಾಡುತ್ತಿರಲಿಲ್ಲ. ಬರಬೇಕಾದ ಬೆಲೆಯನ್ನು ಪುಟದ ಕೊನೆಯಲ್ಲಿ ಬರೆದು, ಅಲ್ಲಿಂದ ಹಿಮ್ಮುಖವಾಗಿ ಲೆಕ್ಕ ಹತ್ತಿಕೊಂಡು ಹೋಗಿ, ಲೋಲಕ ಎಷ್ಟು ಹೊತ್ತು ತೂಗಿರಬೇಕೆಂದು ತೀರ್ಮಾನಿಸುತ್ತಿದ್ದೆವು. ದಾರ ಹರಿದ ಲೋಲಕದಲ್ಲೂ ನಮಗೆ ಪೂರ್ಣಾಂಕ ಬರುತ್ತಿತ್ತು. ಕಳ್ಳತನವೆಂದು ನಮಗೆ ಅನಿಸಿರಲೇ ಇಲ್ಲ, ರೆಕಾರ್ಡು ಬರೆಯುವುದೆಂದರೆ ಹಾಗೇ ಎಂದುಕೊಂಡಿದ್ದೆವು.

ಮರುದಿನ ತರಗತಿಯಲ್ಲಿ ಎಲ್ಲರೂ ಬೀಜ ತೆಗೆಯಿರಿ ಎಂದೆ. ಚೀಲಗಳಲ್ಲಿ ಕೈಗಳು ಬಹಳ ಹೊತ್ತು ಆಡಿದವು. ಅರ್ಧ ಜನರ ಹತ್ತಿರ ಬೀಜವೇ ಇರಲಿಲ್ಲ. ಮೊದಲ ಬೆಂಚಿನ ಪ್ರಕಾಶ, ನನಗೆ ಬಹಳ ಮೆಚ್ಚಿನ, ಮುತ್ತಿನಂಥ ಅಕ್ಷರದ ಹುಡುಗ, ಕಾಗದದ ಪೊಟ್ಟಣ ಬಿಚ್ಚಿದ. ನಾಲ್ಕು ಬೀಜಗಳೂ ಎರಡೂ ಕಡೆ ಕಪ್ಪಾಗಿ ಮಿರಮಿರ ಮಿಂಚಿದವು. ಕಲ್ಲು ಮುಟ್ಟಿಸದ ಬೀಜಗಳಲ್ಲಿ ಅವನು ನೂರು ಎಸೆತದ ಬಿಳಿ ಕಪ್ಪುಗಳನ್ನು ಎಣಿಸಿ ಕೋಷ್ಟಕ ಬರೆದಿದ್ದ. ತರಗತಿ ಗೊಳ್ಳೆಂದಿತು, ಅವನ ಮುಖ ಸಣ್ಣದಾಯಿತು. ನಾನು ಗದರಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಎದ್ದು ನಿಂತು, ನಿಜವಾದ ಗೊಂದಲದಿಂದ ಕೇಳಿದ: "ಉತ್ತರ ನೀವು ಮೊದಲ ಹೇಳಿದ್ರೆಲ್ರಿ ಸರ್. ಮತ್ತ ಒಗಿಯೂದು ಯಾತಕ್ರಿ?"

ಹುಡುಗ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕೊನೆಯ ಮನೆಗೆ ಕಾಯಿಯನ್ನು ಮೊದಲೇ ಮುಟ್ಟಿಸಿಟ್ಟು, ಬನ್ನಿ ಮಕ್ಕಳೇ ಆಡೋಣ ಎಂದು ಕರೆದಿದ್ದೆ. ಆಟದ ಸಾಮಾನು ತಂದರೆ ಆಟ ಬಂದಂತಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಮುಂದೇನು ಬೀಳುತ್ತದೋ ಯಾರಿಗೂ ಗೊತ್ತಿಲ್ಲದ ಆ ಒಂದು ಕ್ಷಣ, ಬೀಜ ಕೈಬಿಟ್ಟು ನೆಲ ಮುಟ್ಟುವವರೆಗಿನ ಆ ತಡೆದ ಉಸಿರು, ಅದಕ್ಕಾಗಿ ತಾಂಬಾದ ಹೆಂಗಸರು ಒಲೆಯ ಮೇಲಿನ ಪಲ್ಯ ಸೀದರೂ ಏಳುತ್ತಿರಲಿಲ್ಲ. ಆ ಕ್ಷಣವನ್ನು ನಾನು ಪಾಠದಿಂದ ಜೋಪಾನವಾಗಿ ತೆಗೆದುಹಾಕಿದ್ದೆ. ಯಾಕೆಂದು ಯೋಚಿಸಿದರೆ, ಮೇಷ್ಟರಿಗೇ ಗೊತ್ತಿಲ್ಲದ ಸಂಗತಿ ತರಗತಿಯಲ್ಲಿ ನಡೆದರೆ ನಗೆಪಾಟಲು ಎಂಬ ಅದೇ ಭಯ. ಪಾಠ ಕಟ್ಟುವ ನಮ್ಮಂಥ ಮೇಷ್ಟರುಗಳಲ್ಲಿ, ಇಂಡಿ ಊರಿನವರಿರಲಿ ಮುದ್ದೇಬಿಹಾಳದವರಿರಲಿ, ಈ ಭಯ ಇಲ್ಲದವರು ಎಷ್ಟು ಮಂದಿ ಇದ್ದಾರೋ ಕಾಣೆ. ಎಲ್ಲ ಘಟಕಕ್ಕೂ ಉದ್ದೇಶ, ಫಲಿತಾಂಶಗಳನ್ನು ಮೊದಲೇ ಬರೆದಿಡುತ್ತೇವೆ. ಹುಡುಗರು ಹುಷಾರು, ಫಲಿತಾಂಶದಿಂದ ಹಿಮ್ಮುಖವಾಗಿ ಹತ್ತಿಬಿಡುತ್ತಾರೆ.

ತರಗತಿಗೆ ನನ್ನ ತಪ್ಪು ಹೇಳಿದೆ. ಭಾಗ್ಯಶ್ರೀಯ ಇಪ್ಪತ್ತಮೂರೇ ಸರಿ, ನಾನು ಹಾಕಿದ ಸೊನ್ನೆ ನನಗೆ ಸೇರಬೇಕು ಎಂದೆ. ಯಾರೂ ನಗಲಿಲ್ಲ, ಅದು ನನಗೆ ಆಶ್ಚರ್ಯ. ಆಮೇಲೆ ಪ್ರಶ್ನೆ ಇಟ್ಟೆ: ಬೀಜವನ್ನು ಎಷ್ಟು ತಿಕ್ಕಿದರೆ ಎಷ್ಟು ಅಷ್ಟಾ? ಇದರ ಉತ್ತರ ಪುಸ್ತಕದಲ್ಲಿಲ್ಲ, ನನಗೂ ಗೊತ್ತಿಲ್ಲ. ಪ್ರಕಾಶ ಅನುಮಾನದಿಂದ ನನ್ನ ಮುಖವನ್ನೇ ದಿಟ್ಟಿಸಿದ, ಉತ್ತರ ಎಲ್ಲೋ ಬಚ್ಚಿಟ್ಟುಕೊಂಡಿದ್ದಾರೆಂದು. ಇಲ್ಲವೆಂದು ಖಾತ್ರಿಯಾದ ಮೇಲೆ ಹೊರಗೆ ಓಡಿಹೋಗಿ ಕಾಲೇಜಿನ ಮೆಟ್ಟಿಲಿಗೆ ಬೀಜ ತಿಕ್ಕತೊಡಗಿದ. ಇಪ್ಪತ್ತು ತಿಕ್ಕು, ನಲವತ್ತು ತಿಕ್ಕು, ಅರವತ್ತು ತಿಕ್ಕು ಎಂದು ಗುಂಪುಗಳಾದವು. ತಿಕ್ಕು ಅಂದರೆ ಯಾರ ಕೈಯ ತಿಕ್ಕು ಎಂದು ಜಗಳವಾಯಿತು, ಅಳತೆಯ ಬಗ್ಗೆ ನಾನು ಒಂದು ತಿಂಗಳು ಹೇಳಬೇಕಿದ್ದ ಪಾಠ ಆ ಜಗಳದಲ್ಲೇ ಮುಗಿಯಿತು. ಭಾಗ್ಯಶ್ರೀ ಮಾತ್ರ ತನ್ನ ಡಬ್ಬಿ ಹಿಡಿದು ಕಿಟಕಿಯ ಪಕ್ಕ ಕುಳಿತು ನೋಡುತ್ತಿದ್ದಳು. ಯಾವ ಗುಂಪಿಗೂ ಸೇರಲಿಲ್ಲ. ನಾನೂ ಕರೆಯಲಿಲ್ಲ, ಒಮ್ಮೆ ಕರೆದು ಮೋಸ ಮಾಡಿದ್ದೆನಲ್ಲ.

ಶನಿವಾರ ಮಧ್ಯಾಹ್ನ ಕಚೇರಿ ಮುಚ್ಚುವ ಮುಂಚೆ ಬಂದಳು. "ಅರ್ಜಿ ಕೊಡ್ರಿ ಸರ್" ಎಂದಳು. ಖಾನೆ ಎಳೆದು ತೆಗೆದುಕೊಟ್ಟೆ, ಪೆನ್ನಿನ ಮುಚ್ಚಳವನ್ನೂ ತೆಗೆದೆ. ಅವಳು ಅರ್ಜಿಯನ್ನು ಬೋರಲು ಹಾಕಿ, ಹಿಂಬದಿಯ ಖಾಲಿ ಜಾಗದಲ್ಲಿ ಸ್ಕೇಲು ಹಿಡಿದು ನಾಲ್ಕು ಗೆರೆ ಎಳೆದು ಕೋಷ್ಟಕ ಮಾಡಿದಳು. ಅಜ್ಜಿಯ ಬೀಜಗಳ ಜೊತೆಗೆ ಹೊಸದಾಗಿ ತಿಕ್ಕಿದ ಇನ್ನೂ ನಾಲ್ಕು ಬೀಜ ಮೇಜಿನ ಮೇಲಿಟ್ಟಳು. ಇವು ಎಂಬತ್ತು ತಿಕ್ಕಿನವು, ಆಯಿ ನೂರಕ್ಕ ಹದಿನೈದು ಅಷ್ಟಾ ಬೀಳ್ತಾವ ಅಂತಾಳ, ನಾ ಹನ್ನೆರಡು ಅಂತೇನಿ ಎಂದಳು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಹೇಳಿದಳು:

"ನೀವು ಒಗೀರಿ ಸರ್, ನಾ ಬರ್ಕೋತೇನಿ."

ಒಗೆದೆ.