ಪಟ್ಟಿಯ ಅಗಲದ ಎಂಟು ಪಟ್ಟು

ಫೋಟೋಗಳಿಗೆ ಕಟ್ಟು ಹಾಕುವ ಅವನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಎಂಟುಪಟ್ಟು ಎಂದು. ಹೆತ್ತವರು ಇಟ್ಟ ಹೆಸರು ಅವನಿಗೇ ನೆನಪಿತ್ತೋ ಇಲ್ಲವೋ. ಅಂಗಡಿ ಎಂದರೆ ಒಂದೇ ಕೋಣೆ. ಗೋಡೆಗೆ ಒರಗಿಸಿಟ್ಟ ಮರದ ಪಟ್ಟಿಗಳು, ಕಂಬಳಿ ಹಾಸಿದ ಮೇಜಿನ ಮೇಲೆ ಗಾಜು, ಪಕ್ಕದಲ್ಲಿ ಗೋಂದಿನ ಡಬ್ಬಿ, ನೆಲದ ತುಂಬ ಮರದ ಪುಡಿ. ಹಿಂದಿನ ಗೋಡೆಯಲ್ಲೊಂದು ಬಾಗಿಲು, ಅದರಾಚೆ ಮನೆ, ಮನೆಯಲ್ಲಿ ಹೆಂಡತಿ. ಮಕ್ಕಳಿರಲಿಲ್ಲ.

ಬರುವ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಸತ್ತವರ ಫೋಟೋ ಹಿಡಿದು ಬರುವವರು. ಬದುಕಿರುವಾಗ ಯಾರಿಗೆ ಯಾರು ಕಟ್ಟು ಹಾಕಿಸುತ್ತಾರೆ? ಮುಖದ ಮೇಲಿನ ಅಳು ಆರಿರುತ್ತಿರಲಿಲ್ಲ, ಆದರೆ ಪಟ್ಟಿ ಅಳೆಯುವ ಹೊತ್ತಿಗೆ ಎಲ್ಲರ ಕಣ್ಣೂ ಚುರುಕು.

"ಫೋಟೋಗೆ ಇರೋದು ಎರಡು ಉದ್ದ, ಎರಡು ಅಗಲ. ಕೂಡಿದರೆ ಮುಗೀತು. ಇಷ್ಟುದ್ದ ಪಟ್ಟಿ ಯಾಕಪ್ಪಾ?" ಎಂದು ಕೇಳದ ಗಿರಾಕಿಯೇ ಇಲ್ಲ.

"ಅದು ಕಾಗದದ ಸುತ್ತಳತೆ ಸ್ವಾಮಿ. ಕಟ್ಟು ಕೂರೋದು ಕಾಗದದ ಹೊರಗೆ. ಒಂದೊಂದು ಮೂಲೇಲೂ ಪಟ್ಟಿ ತನ್ನ ಅಗಲದಷ್ಟು ಆ ಕಡೆ ಮುಂದೆ ಹೋಗಬೇಕು, ಅಷ್ಟೇ ಈ ಕಡೆನೂ ಹೋಗಬೇಕು. ನಾಲ್ಕು ಮೂಲೆಗೆ ಎಂಟು ಪಟ್ಟು," ಎಂದು ಅವನೂ ಬೇಸರವಿಲ್ಲದೆ ಹೇಳುತ್ತಿದ್ದ. ಹೇಳೀ ಹೇಳೀ ಅದೇ ಅವನ ಹೆಸರಾಯಿತು.

ನಿಜ ಹೇಳಬೇಕೆಂದರೆ ಆ ಲೆಕ್ಕ ಅವನದಲ್ಲ. ಮದುವೆಯಾದ ಹೊಸದರಲ್ಲಿ ಅವನು ಕೂಡಿಸಿದ ಕಟ್ಟುಗಳೆಲ್ಲ ಚಿಕ್ಕವಾಗುತ್ತಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಗರಗಸವನ್ನು ಬೈಯುತ್ತಿದ್ದ, ಮರವನ್ನು ಬೈಯುತ್ತಿದ್ದ. ಒಂದು ದಿನ ಹೆಂಡತಿ ಕೈ ಒರೆಸಿಕೊಂಡು ಬಂದು, ಅವನು ಬಿಸಾಡಿದ ತುಂಡುಗಳನ್ನು ನೆಲದ ಮೇಲೆ ಚೌಕವಾಗಿ ಜೋಡಿಸಿ, ಪ್ರತಿ ಮೂಲೆಗೂ ಎರಡು ಬೆರಳು ಇಟ್ಟು ತೋರಿಸಿದಳು. "ಮೂಲೆ ತಿನ್ನೋದನ್ನ ನೀವು ಲೆಕ್ಕಕ್ಕೇ ಹಿಡಿದಿಲ್ಲವಲ್ರೀ!" ಎಂದು ನಕ್ಕಳು. ಅವನಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಅಂದಿನಿಂದ ಅಂಗಡಿಗೊಂದು ಕಟ್ಟಳೆ. ಅವನು ಫೋಟೋದ ಉದ್ದ, ಅಗಲ, ಜೊತೆಗೆ ಪಟ್ಟಿಯ ಅಗಲ ಕೂಗಬೇಕು. ಒಳಗಿನಿಂದ ಅವಳು ಮೊತ್ತ ಕೂಗಿ, "ಎಂಟು ಪಟ್ಟು ಸೇರಿಸಿದ್ದೀನಿ" ಎನ್ನಬೇಕು. ಆ ದನಿ ಬರುವ ತನಕ ಗರಗಸ ಮರ ಮುಟ್ಟುತ್ತಿರಲಿಲ್ಲ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಅಳತೆಯ ಕೂಗು ಮಾತ್ರ ನಿಂತದ್ದಿಲ್ಲ.

ಅಷ್ಟಾದರೂ ಅವರಿಬ್ಬರ ಫೋಟೋಗೆ ಕಟ್ಟು ಇರಲಿಲ್ಲ. ಮದುವೆಯಾದ ವರ್ಷ ತೆಗೆಸಿದ್ದು, ಇದ್ದದ್ದು ಅದೊಂದೇ. ತಗಡಿನ ಪೆಟ್ಟಿಗೆಯಲ್ಲಿ ಬಟ್ಟೆಗಳ ಕೆಳಗೆ ಬಿದ್ದಿತ್ತು. "ಊರಿಗೆಲ್ಲ ಕಟ್ಟು ಹಾಕ್ತೀರಿ, ನಮಗೆ ಯಾವಾಗ?" ಎಂದು ಅವಳು ಕೇಳಿದಾಗಲೆಲ್ಲ, "ಒಳ್ಳೆ ಮರ ಸಿಗಲಿ" ಎನ್ನುತ್ತಿದ್ದ. ಒಳ್ಳೆ ಮರ ಸಿಕ್ಕಿತು. ಅದರ ಪಟ್ಟಿ ಅಟ್ಟದ ಮೇಲೆ ಧೂಳು ತಿನ್ನುತ್ತ ಕೂತಿತು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಅವಳಿಗೆ ಊಟ ಸೇರದಾಯಿತು. ಹೊಟ್ಟೆ ಹಿಡಿದುಕೊಂಡು ಕೂರತೊಡಗಿದಳು, ಆಮೇಲೆ ಮಲಗತೊಡಗಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಅವನೊಬ್ಬನನ್ನೇ ನಲ್ಲಿಯ ಹತ್ತಿರ ಕರೆದರು. "ಇನ್ನು ಇವರನ್ನ ಇಲ್ಲಿಗೆ ಕರ್ಕೊಂಡು ಬಂದು ಸುಸ್ತು ಮಾಡಬೇಡಿ. ಕೇಳಿದ್ದು ತಿನ್ನೋಕೆ ಕೊಡಿ. ಕೆಲವೇ ವಾರ," ಎಂದರು. ನಲ್ಲಿ ಸೋರುತ್ತಿತ್ತು. ಅವನು ಅದನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿ ಬಂದ.

"ಏನಂದ್ರು?" ಎಂದಳು ಬಸ್ಸಿನಲ್ಲಿ.

"ಹುಣ್ಣಂತೆ. ಔಷಧಿಗೆ ವಾಸಿಯಾಗುತ್ತಂತೆ."

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ನಂಬಿದಳು ಎಂದುಕೊಂಡ. ಕೊನೆಯ ತನಕ ಅವಳಿಗೆ ಇದು ತಿಳಿಯಬಾರದು, ಹೇಗಾದರೂ ಮಾಡಿ ಮುಚ್ಚಿಡಬೇಕು ಎಂದು ಹಲ್ಲು ಕಚ್ಚಿ ನಿರ್ಧರಿಸಿದ.

ಮಾರನೆಯ ಬೆಳಿಗ್ಗೆ ಪೆಟ್ಟಿಗೆ ತೆಗೆದು ಫೋಟೋ ಹುಡುಕಿದ. ಅಟ್ಟದಿಂದ ಪಟ್ಟಿ ಇಳಿಸಿ ಧೂಳು ಒರೆಸಿದ. ಮಂಚದ ಮೇಲಿದ್ದ ಅವಳು, "ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದು ಕಿಚಾಯಿಸಿದಳು. "ಕೆಲಸ ಇರಲಿಲ್ಲ, ಅದಕ್ಕೆ" ಎಂದು ಅಂಗಡಿಗೆ ಬಂದ.

ಫೋಟೋದ ಉದ್ದ ಅಳೆದ, ಅಗಲ ಅಳೆದ. ಕೂಗಲು ಬಾಯಿ ತೆರೆದ. ಹಾಗೇ ಮುಚ್ಚಿದ. ಕೂಗಿದರೆ ದನಿ ಒಡೆಯುತ್ತದೆ, ಗುಟ್ಟು ರಟ್ಟಾಗುತ್ತದೆ. ತಾನೇ ಮನಸ್ಸಿನಲ್ಲಿ ಕೂಡಿಕೊಂಡು ಗರಗಸ ಹಿಡಿದ. ನಾಲ್ಕು ತುಂಡುಗಳನ್ನು ಓರೆಯಾಗಿ ಕೊಯ್ದ, ಗೋಂದು ಹಚ್ಚಿದ, ಮೊಳೆ ಹೊಡೆದ. ಮೂಲೆಗಳು ಒಂದಕ್ಕೊಂದು ಚೆನ್ನಾಗಿಯೇ ಕೂತವು. ಫೋಟೋ ತಂದು ಇಟ್ಟರೆ ಅದು ಕಟ್ಟಿನೊಳಗೆ ಇಳಿಯಲಿಲ್ಲ. ಸುತ್ತಲೂ ಪಟ್ಟಿಯನ್ನೇ ಮುಚ್ಚಿ ಮೇಲೆಯೇ ನಿಂತಿತು.

ಅವನು ನೋಡುತ್ತ ನಿಂತ. ಎಳೆಯ ವಯಸ್ಸಿನ ಅವಳೂ ಅವನೂ ಕೆಳಗಿನಿಂದ ನೋಡುತ್ತಿದ್ದರು.

"ಎಲ್ಲಿ, ತನ್ನಿ ನೋಡೋಣ," ಎಂದಳು ಒಳಗಿನಿಂದ.

ತರದೆ ವಿಧಿ ಇರಲಿಲ್ಲ. ಅವಳು ಎರಡೂ ಕೈಯಲ್ಲಿ ಹಿಡಿದು, ಬೆರಳಿನಿಂದ ಮೂಲೆ ಸವರಿದಳು.

"ಇವತ್ತು ಅಳತೆ ಕೂಗಲೇ ಇಲ್ಲ ನೀವು."

"ನೀನು ಮಲಗಿದ್ದೀಯ ಅಂತ..."

"ಡಾಕ್ಟರು ಏನಂದ್ರು?"

"ಹೇಳಿದ್ನಲ್ಲ, ಹುಣ್ಣು ಅಂತ."

"ಹುಣ್ಣಿಗೆಲ್ಲ ನೀವು ಎಂಟು ಪಟ್ಟು ಮರೆಯೋರಲ್ಲ."

ಅವನು ಮಂಚದ ಕಾಲಿಗೆ ಒರಗಿ ಕುಸಿದು ಕೂತ. ನಲ್ಲಿಯ ಹತ್ತಿರ ಕೇಳಿದ್ದನ್ನೆಲ್ಲ ಹೇಳಿದ, ಹೇಳುತ್ತ ಅತ್ತ. ಅವಳು ಅಳಲಿಲ್ಲ. ಅವನ ತಲೆಗೂದಲಿಗೆ ಮೆತ್ತಿದ್ದ ಮರದ ಪುಡಿಯನ್ನು ಕೊಡವಿದಳು.

"ಗೋಂದು ಒಣಗೋಷ್ಟು ದಿನ ಇದೆಯಲ್ಲ?" ಎಂದಳು. "ಫೋಟೋ ಕತ್ತರಿಸಿ ತೂರಿಸೋಕೆ ಹೋಗಬೇಡಿ. ಬೇರೆ ಪಟ್ಟಿ ತಗೊಳ್ಳಿ, ಸಾದಾ ಮರ ಆದ್ರೂ ಪರವಾಗಿಲ್ಲ. ಹೋಗಿ, ಕೂಗಿ."

ಅವನು ಹೋಗಿ ಕೂಗಿದ, ಒಡೆದ ದನಿಯಲ್ಲೇ. ಅವಳ ಉತ್ತರ ಬಂತು, ತೆಳ್ಳಗೆ, ನಡುನಡುವೆ ಉಸಿರಿಗೆ ನಿಲ್ಲುತ್ತ. ಮೊತ್ತ ಸರಿಯಾಗಿತ್ತು.

ಆ ಕಟ್ಟು ಅವಳ ಮಂಚದ ಎದುರು ಗೋಡೆಗೆ ಏರಿತು. ಡಾಕ್ಟರು ಹೇಳಿದ್ದಕ್ಕಿಂತ ಬೇಗನೆ ಅವಳು ಹೋದಳು. ಮನೆಗೆ ಬಂದವರು, ಅವಳ ಮುಖ ಇರುವಷ್ಟನ್ನೇ ಕತ್ತರಿಸಿ ಬೇರೆ ಕಟ್ಟು ಹಾಕು ಎಂದರು. ಅವನು ಕೇಳಲಿಲ್ಲ.

ಅಂಗಡಿ ಈಗಲೂ ನಡೆಯುತ್ತಿದೆ. ಫೋಟೋ ಕೊಟ್ಟರೆ ಎಂಟುಪಟ್ಟು ಅಳೆಯುತ್ತಾನೆ, ಉದ್ದ ಅಗಲ ಗಟ್ಟಿಯಾಗಿ ಕೂಗುತ್ತಾನೆ, ಗರಗಸ ಕೆಳಗಿಟ್ಟು ಕಾಯುತ್ತಾನೆ. ಹೊಸ ಗಿರಾಕಿಗಳು ಒಳಗೆ ಯಾರೋ ಇದ್ದಾರೆ ಎಂದು ಬಾಗಿಲ ಕಡೆ ನೋಡುತ್ತಾರೆ. ಹಳಬರು ತಲೆ ತಗ್ಗಿಸಿ ನಿಲ್ಲುತ್ತಾರೆ. ಕೊನೆಗೆ ಅವನೇ ಮೊತ್ತ ಕೂಡಿ, "ಎಂಟು ಪಟ್ಟು ಸೇರಿಸಿದ್ದೀನಿ" ಎಂದು ಮೆಲ್ಲಗೆ ಹೇಳಿಕೊಂಡು ಕೊಯ್ಯಲು ತೊಡಗುತ್ತಾನೆ.